ಚಂದ್ರನಿಗೆ ಹದ್ದುಬಸ್ತು

ನನಗೆ ಅನುಮಾನ ಜಾಸ್ತಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ನೀವೇ ಸ್ವಲ್ಪ ಹೊತ್ತಿನಲ್ಲಿ ಕಂಡುಹಿಡಿದು, ಆಮೇಲೆ ನಾನು ಹೇಳಿದ ಯಾವುದನ್ನೂ ನಂಬದೆ ಹೋದೀರಿ. ಹಾಲಿನವನು ಎರಡು ದಿನ ನಗುನಗುತ್ತ ಮಾತಾಡಿಸಿದರೆ ಮೂರನೆಯ ದಿನ ನಾನು ಹಾಲನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ನನ್ನ ಹೆಂಡತಿ ಶಾಂತಾ ಕೇಳದೆಯೇ ಎರಡನೆಯ ಲೋಟ ಕಾಫಿ ತಂದಿಟ್ಟರೆ, ತವರಿನಿಂದ ಯಾರು ಬರುತ್ತಿದ್ದಾರೆ ಎಂದು ವಿಚಾರಿಸುತ್ತೇನೆ. ಬಹಳ ಸಲ ಯಾರಾದರೂ ಬರುತ್ತಲೇ ಇರುತ್ತಾರೆ ಎಂಬುದು ಬೇರೆ ಮಾತು.

ಇದು ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಅಂಟಿದ್ದು. ಮೂವತ್ತು ವರ್ಷ ನಾನು ಸರ್ವೇಯರ್ ಆಗಿದ್ದೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಹೊಲಗದ್ದೆಗಳಲ್ಲಿ ಸರಪಳಿ ಎಳೆದು ಸವೆದ ಕಾಲು ನನ್ನದು. ನಮ್ಮ ಕೆಲಸದಲ್ಲಿ ಹದ್ದುಬಸ್ತು ಎಂದೊಂದಿದೆ; ಇಬ್ಬರ ಜಮೀನಿನ ನಡುವಿನ ಗಡಿ ಎಲ್ಲಿ ಹಾಯುತ್ತದೆ ಎಂದು ಅಳೆದು, ಗುರುತು ಮಾಡಿ ತೋರಿಸುವುದು. ಎಡಗಡೆಯವನು, ನಮ್ಮಜ್ಜನ ಕಾಲದಿಂದ ಕಲ್ಲು ಇಲ್ಲೇ ಇದೆ ಎಂದು ದೇವರ ಮೇಲೆ ಆಣೆ ಇಡುತ್ತಾನೆ. ಬಲಗಡೆಯವನೂ ಅದೇ ದೇವರ ಮೇಲೆ ಆಣೆ ಇಟ್ಟು ಹತ್ತು ಹೆಜ್ಜೆ ಆಚೆ ತೋರಿಸುತ್ತಾನೆ. ನಾನು ಇಬ್ಬರ ಮುಖವನ್ನೂ ನೋಡದೆ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಬುಡ ಕೆದಕುತ್ತಿದ್ದೆ. ಅಜ್ಜನ ಕಾಲದ ಕಲ್ಲಿನ ಬುಡದಲ್ಲಿ ಮಣ್ಣು ಇನ್ನೂ ಹಸಿಯಾಗಿರುತ್ತಿತ್ತು. ಹೀಗೆ ಮೂವತ್ತು ವರ್ಷ ಹಸಿ ಮಣ್ಣು ಮುಟ್ಟಿದವನು ಮನುಷ್ಯರ ಮಾತನ್ನು ಒಂದೇ ಸಲಕ್ಕೆ ಹೇಗೆ ನಂಬುತ್ತಾನೆ ಹೇಳಿ.

ನಿವೃತ್ತನಾದ ಮೇಲೆ ಆಕಾಶದ ಫೋಟೊ ತೆಗೆಯುವ ಹುಚ್ಚು ಹಿಡಿದದ್ದಕ್ಕೂ ಇದೇ ಕಾರಣ ಇರಬೇಕು. ಆಕಾಶದಲ್ಲಿ ಒತ್ತುವರಿ ಇಲ್ಲ. ಯಾವ ನಕ್ಷತ್ರವೂ ಪಕ್ಕದ ನಕ್ಷತ್ರದ ಬದು ಕಡಿಯುವುದಿಲ್ಲ. ಅದರಲ್ಲೂ ನನಗೆ ಚಂದ್ರಗ್ರಹಣ ಎಂದರೆ ಪ್ರಾಣ. ಅಂದು ಚಂದ್ರನ ಮೇಲೆ ಬೀಳುವುದು ನಾವು ನಿಂತಿರುವ ಇದೇ ಭೂಮಿಯ ನೆರಳು. ಅದರ ಅಂಚು ಯಾವ ಗ್ರಹಣದಲ್ಲಿ ನೋಡಿದರೂ ದುಂಡಗೆ. ಆ ದುಂಡು ಅಂಚನ್ನು ನೋಡಿಯೇ ಹಿಂದಿನವರು ಭೂಮಿ ಉರುಟಾಗಿದೆ ಎಂದು ಊಹಿಸಿದರಂತೆ. ನಾನು ಕಂಡ ಗಡಿಗಳಲ್ಲಿ ತಕರಾರು ಇಲ್ಲದ ಗಡಿ ಅದೊಂದೇ. ಪೂರ್ತಿ ನೆರಳಿಗೆ ಬಿದ್ದ ಚಂದ್ರ ಕಪ್ಪಾಗುವುದೂ ಇಲ್ಲ, ತೊಳೆಯದ ತಾಮ್ರದ ಚೊಂಬಿನ ಬಣ್ಣಕ್ಕೆ ಬರುತ್ತಾನೆ. ಆ ಹೊತ್ತಿನಲ್ಲಿ ಭೂಮಿಯ ಸುತ್ತ ಎಲ್ಲೆಲ್ಲಿ ಬೆಳಗಾಗುತ್ತಿದೆಯೋ, ಎಲ್ಲೆಲ್ಲಿ ಸಂಜೆಯಾಗುತ್ತಿದೆಯೋ ಅಷ್ಟೂ ಕಡೆಯ ಕೆಂಪು ಬಗ್ಗಿ ಹೋಗಿ ಅವನ ಮೇಲೆ ಬೀಳುತ್ತದೆ. ಇದನ್ನು ನಾನು ಯಾರಿಗೆ ವಿವರಿಸಿದರೂ ಅವರು ಗಂಭೀರವಾಗಿ ತಲೆಯಾಡಿಸಿ, ಹಾಗಾದರೆ ಈ ಸಲ ಯಾವ ರಾಶಿಗೆ ತೊಂದರೆ ಎಂದು ಕೇಳುತ್ತಾರೆ.

ಈ ಹುಚ್ಚಿನಲ್ಲಿ ನನಗೆ ಜೊತೆಯಾದವರು ಬಶೀರ್ ಸಾಬರು. ಶಿಕಾರಿಪುರದ ಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಇಟ್ಟವರು. ಶಾಂತಾಳ ಯಂತ್ರವನ್ನು ಕೊಟ್ಟು ಬರಲು ಹೋದ ದಿನ ಅವರು ಒಂದು ಪುಟಾಣಿ ತಿರುಪನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅದು ತಿರುಪು ಹೌದೋ ಅಲ್ಲವೋ ಎನ್ನುವಂತೆ ಪರೀಕ್ಷಿಸುತ್ತಿದ್ದರು. ಇವರು ನಮ್ಮ ಜಾತಿ ಎಂದುಕೊಂಡೆ, ಅಂದರೆ ಸುಲಭಕ್ಕೆ ಏನನ್ನೂ ನಂಬದ ಜಾತಿ. ಗುಜರಿಯಲ್ಲಿ ನನಗೆ ಸಿಕ್ಕಿದ್ದ ಹಳೆಯ ಅಳತೆ ಯಂತ್ರದ ಮರದ ಸ್ಟ್ಯಾಂಡಿಗೆ ಕ್ಯಾಮೆರಾ ಕೂರುವಂತೆ ತಲೆ ಮಾಡಿಕೊಟ್ಟವರು ಅವರೇ. ಆಮೇಲೆ ಎರಡು ಹಲಗೆ, ನಡುವೆ ಬಾಗಿಲಿನ ಕೀಲು, ಕೆಳಗೊಂದು ಉದ್ದ ತಿರುಪು, ತಿರುಪಿಗೆ ಹೊಲಿಗೆ ಯಂತ್ರದ ಹಳೆಯ ಕೈಚಕ್ರ ಸೇರಿಸಿ ಒಂದು ಉಪಕರಣವನ್ನೇ ಕಟ್ಟಿದರು. ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿದ್ದರೆ ಕ್ಯಾಮೆರಾ ಚಂದ್ರನ ಹಿಂದೆಯೇ ಹೋಗುತ್ತದೆ. ತಿರುಗಿಸುವ ಕೈ ಇಲ್ಲದಿದ್ದರೆ ಚಂದ್ರ ತನ್ನ ದಾರಿ ಹಿಡಿಯುತ್ತಾನೆ, ಕ್ಯಾಮೆರಾ ಇದ್ದಲ್ಲೇ ಇರುತ್ತದೆ.

ಆದರೆ ನಮ್ಮ ಸೀಮೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು ಹೊಲದಲ್ಲಿ ನಿಂತರೆ ಅದಕ್ಕೆ ಒಂದೇ ಅರ್ಥ: ಸರ್ವೆ. ಅದರ ಹಿಂದೆ ನಿಂತವನು ನಿವೃತ್ತ ಸರ್ವೇಯರ್ ಆಗಿದ್ದರಂತೂ ಕೇಳುವುದೇ ಬೇಡ. ಒಮ್ಮೆ ಈಸೂರಿನ ದಾರಿಯ ಒಂದು ಹೊಲದಲ್ಲಿ ನಕ್ಷತ್ರಗಳ ಫೋಟೊ ತೆಗೆದು ಬಂದೆವು. ಬೆಳಗ್ಗೆ ಆ ಹೊಲದವನು ಪಹಣಿ ಹಿಡಿದು ನಮ್ಮ ಮನೆಗೆ ಬಂದ. ಅವನು ಹೋದ ಮೇಲೆ ಪಕ್ಕದ ಹೊಲದವನು ತನ್ನ ಪಹಣಿ ಹಿಡಿದು ಹಿತ್ತಲ ಕಡೆಯಿಂದ ಬಂದ. ಇಬ್ಬರೂ ಕೇಳಿದ್ದು ಒಂದನ್ನೇ, ಎಷ್ಟು ಬಂತು ಸಾರ್ ಎಂದು. ಇನ್ನೊಂದು ಅಮಾವಾಸ್ಯೆ, ಪಾಳು ಗುಡಿಯೊಂದರ ಹತ್ತಿರ ಕೆಂಪು ಕಾಗದ ಸುತ್ತಿದ ಟಾರ್ಚು ಹಿಡಿದು ನಿಂತಿದ್ದಾಗ ಇಬ್ಬರು ಬೈಕಿನಲ್ಲಿ ಬಂದು, ಅಗೆಯುವುದು ಗುಡಿಯ ಒಳಗೋ ಹೊರಗೋ ಎಂದು ವಿನಯದಿಂದ ವಿಚಾರಿಸಿದರು. ನಿಧಿ ಅಲ್ಲ, ನಕ್ಷತ್ರ ಎಂದೆ. ಅವರಲ್ಲೊಬ್ಬ ಸ್ವಲ್ಪ ಯೋಚಿಸಿ, ಅದನ್ನು ಹಗಲು ಹೊತ್ತು ತೆಗೆದರೆ ಆಗುವುದಿಲ್ಲವೇ ಎಂದ. ಅಂದಿನಿಂದ ಅನುಮಾನ ಪಡುವವರಲ್ಲಿ ನಾನೊಬ್ಬನೇ ಅಲ್ಲ ಎಂಬ ಸಮಾಧಾನ ನನಗಿದೆ.

ಗ್ರಹಣದ ಶಾಸ್ತ್ರಗಳನ್ನು ಹಾಸ್ಯ ಮಾಡುವುದು ನನ್ನ ಇನ್ನೊಂದು ಚಟವಾಗಿತ್ತು. ಶಾಂತಾ ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಡುವಾಗ, ಭೂಮಿಯ ನೆರಳು ಮಾವಿನ ಮಿಡಿಯನ್ನು ಹುಡುಕಿಕೊಂಡು ಬರುತ್ತದೆಯೇ ಎಂದು ಕೇಳುತ್ತಿದ್ದೆ. ಅವಳು ನನ್ನ ಡಬ್ಬಿಯ ಮೊಸರವಲಕ್ಕಿಯ ಮೇಲೂ ಒಂದು ದರ್ಭೆ ಇಟ್ಟು ಮುಚ್ಚಳ ಒತ್ತುತ್ತಿದ್ದಳು. ಬಶೀರರ ಹಳೆಯ ವ್ಯಾನಿನಲ್ಲಿ ಕೂತ ಮೇಲೂ ನನ್ನ ಭಾಷಣ ನಿಲ್ಲುತ್ತಿರಲಿಲ್ಲ. ಸ್ನಾನ ಮಾಡುವವರು, ಜಪ ಮಾಡುವವರು, ಬಾಗಿಲು ಹಾಕಿಕೊಂಡು ಕೂರುವವರು, ಒಬ್ಬರನ್ನೂ ಬಿಡುತ್ತಿರಲಿಲ್ಲ. ಬಶೀರರು ಗೇರು ಬದಲಿಸುತ್ತ ಹೂಂ ಅನ್ನುತ್ತಿದ್ದರು. ಆ ಹೂಂ ಅನ್ನು ನಾನು ಒಪ್ಪಿಗೆ ಎಂದು ದಾಖಲು ಮಾಡಿಕೊಂಡಿದ್ದೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಎರಡು ಮೂರು ಗ್ರಹಣ ಕಳೆದ ಮೇಲೆ ನನಗೊಂದು ಸಂಗತಿ ಕಣ್ಣಿಗೆ ಬಿತ್ತು. ಚಂದ್ರ ಪೂರ್ತಿ ನೆರಳಿಗೆ ಹೋದ ಸ್ವಲ್ಪ ಹೊತ್ತಿಗೆ, ಅಂದರೆ ಕೆಲಸ ಬಿಗಿಯಾಗಿರುವ ಹೊತ್ತಿಗೆ, ಬಶೀರರು ಮಾಯವಾಗುತ್ತಿದ್ದರು. ಹೆಗಲಿಗೆ ಒಂದು ಬಟ್ಟೆಯ ಚೀಲ ಹಾಕಿಕೊಂಡು ಹೋಗಿ, ಅರ್ಧ ಗಂಟೆಯ ಮೇಲೆ ಬರುತ್ತಿದ್ದರು. ಎಲ್ಲಿಗೆ ಎಂದರೆ, ಸುಮ್ಮನೆ ಕಾಲಾಡಿಸಿ ಬಂದೆ ಎನ್ನುತ್ತಿದ್ದರು. ಕಾಲಾಡಿಸಿ ಬಂದವರ ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಗಿರುತ್ತಿತ್ತು. ನೀವೇನೋ ಈಗ ಊಹಿಸುತ್ತಿದ್ದೀರಿ ಎಂದು ನನಗೆ ಗೊತ್ತು. ನಾನೂ ಮೊದಲು ಅದನ್ನೇ ಊಹಿಸಿ ಕೈಬಿಟ್ಟೆ. ಬಶೀರರು ಸಂಜೆಯ ನಮಾಜನ್ನು ವ್ಯಾನಿನ ಪಕ್ಕದಲ್ಲೇ ಚಾಪೆ ಹಾಸಿ, ನನ್ನ ಕಣ್ಣೆದುರೇ ಮಾಡುವವರು, ರಾತ್ರಿಯದನ್ನೂ ಹಾಗೆಯೇ. ಅದಕ್ಕೆ ಮುಚ್ಚುಮರೆ ಯಾಕೆ ಬೇಕು?

ಹಾಗಾಗಿ ನಾನು ಮನಸ್ಸಿನಲ್ಲೇ ಮಹಜರು ನಡೆಸಿದೆ. ಗ್ರಹಣಕ್ಕೆಂದು ನಾವು ಪ್ರತಿಸಲ ಹೋಗುವ ಜಾಗ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಗುಡ್ಡದ ಪಡುವಲಿಗೆ, ದ್ಯಾವಪ್ಪ ಎಂಬ ರೈತನ ಹೊಲ. ಅಲ್ಲಿ ನಿಂತರೆ ಗುಡ್ಡ ಮುಂದೆ, ಪೂರ್ವಕ್ಕೆ. ಒಂದು ಸಣ್ಣ ಕೆರೆ ಬೆನ್ನ ಹಿಂದೆ. ಬಶೀರರು ಹೋಗುತ್ತಿದ್ದುದು ಕೆರೆಯ ಕಡೆ. ಕೆರೆಯ ಆಚೆ ಏರಿಯ ಮೇಲೆ ನಿಂತರೆ ಏನು ಕಾಣುತ್ತದೆ? ನೀರು, ನೀರಿನಾಚೆ ಗುಡ್ಡ, ಗುಡ್ಡದ ಮೇಲೆ ಕೆಂಪು ಚಂದ್ರ, ನೀರೊಳಗೆ ಇನ್ನೊಬ್ಬ ಕೆಂಪು ಚಂದ್ರ. ಈ ಯೋಚನೆ ಬಂದಾಗ ನಾನು ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಈ ಹುಚ್ಚಿನಲ್ಲಿ ಒಳ್ಳೆಯ ಜಾಗ ಎಂದರೆ ಆಸ್ತಿ ಇದ್ದಂತೆ. ನನಗೆ ಹೊಲ ತೋರಿಸಿ, ತಾನು ಚೀಲದಲ್ಲಿ ಇನ್ನೊಂದು ಕ್ಯಾಮೆರಾ ಇಟ್ಟುಕೊಂಡು, ಆ ಮನುಷ್ಯ ಎರಡು ಚಂದ್ರರ ಫೋಟೊ ತೆಗೆಯುತ್ತಿದ್ದಾರೆ. ಒಂದು ದಿನ ಅಂಗಡಿಯಲ್ಲಿ ಪರೀಕ್ಷೆಗೆಂದೇ ಕೇಳಿದೆ, ಗ್ರಹಣದ ಚಂದ್ರ ನೀರಿನಲ್ಲೂ ಕೆಂಪಗೇ ಕಾಣುತ್ತಾನೋ ಏನೋ ಎಂದು. ಅವರು ಯೋಚಿಸಲೂ ಇಲ್ಲ, ಕಾಣ್ತಾನೆ ಸಾರ್, ಮ್ಯಾಲಿಗಿಂತ ನೀರಾಗೇ ಚೆಂದ ಅಂದರು. ಅಲ್ಲಿಗೆ ನನ್ನ ಪ್ರಕಾರ ಕೇಸು ಮುಗಿದಿತ್ತು.

ನಿಜ ಹೇಳಬೇಕೆಂದರೆ ನನಗೆ ಬೇಸರವಾಯಿತು. ಫೋಟೊ ಕೈತಪ್ಪಿದ್ದಕ್ಕಿಂತ, ಇಷ್ಟು ವರ್ಷ ಜೊತೆಗಿದ್ದವರು ನನ್ನಿಂದ ಒಂದು ಜಾಗ ಮುಚ್ಚಿಟ್ಟರಲ್ಲ ಎಂಬ ನೋವು ಹೆಚ್ಚು. ನಿವೃತ್ತಿಯ ನಂತರ ನನ್ನನ್ನು ಯಾವ ಕೆಲಸವೂ ಇಲ್ಲದೆ ಮಾತಾಡಿಸುವವರು ಅವರೊಬ್ಬರೇ ಆಗಿದ್ದರು. ಅವರೂ ಬುಡ ಕೆದಕಿದರೆ ಹಸಿ ಮಣ್ಣೇ ಆದರೆ, ಇನ್ನು ಆ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂರುವುದು ಹೇಗೆ?

ಅಷ್ಟರಲ್ಲಿ ನಾನು ಕಾಯುತ್ತಿದ್ದ ಗ್ರಹಣ ಬಂತು. ಸಂಜೆ ಹುಟ್ಟುವಾಗಲೇ ಚಂದ್ರ ಪೂರ್ತಿ ನೆರಳಿನಲ್ಲಿರುವ ಗ್ರಹಣ ಅದು. ಚಂದ್ರಗುತ್ತಿ ಎಂಬ ಹೆಸರಿಗೆ ಸುತ್ತಲಿನವರು ಹೇಳುವ ಕಾರಣ ನಿಮಗೆ ಗೊತ್ತಿರಬಹುದು. ಚಂದ್ರನನ್ನೇ ಮರೆಮಾಡುವಷ್ಟು ಎತ್ತರದ ಗುಡ್ಡ ಎಂದು. ಅದಕ್ಕಿಂತ ಎತ್ತರದ ಗುಡ್ಡಗಳನ್ನು ನಾನು ಕಂಡಿದ್ದೇನೆ, ಆದರೆ ಹೆಸರು ಹೊಡೆದುಕೊಂಡದ್ದು ಇದು. ಹುಟ್ಟಿದ ಚಂದ್ರ ಸುಮಾರು ಹೊತ್ತು ಗುಡ್ಡದ ಹಿಂದೆಯೇ ಇದ್ದು, ಕೆಂಪು ಬಣ್ಣದಲ್ಲೇ ಗುಡ್ಡದ ಭುಜದಿಂದ ಮೇಲೆ ಬರಬೇಕು. ಆ ಗಳಿಗೆಯ ಫೋಟೊ ನನಗೆ ಬೇಕಿತ್ತು. ಅಂಥ ಗ್ರಹಣ ಅದೇ ಗುಡ್ಡಕ್ಕೆ ಮತ್ತೆ ಬರುವಷ್ಟರಲ್ಲಿ ನನ್ನ ಮೊಣಕಾಲು ನನ್ನ ಮಾತು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಮೊದಲೇ ಎರಡು ಸಲ ಹೋಗಿ ಗುಡ್ಡದ ಕೋನ ಅಳೆದು, ಚಂದ್ರ ಮೇಲೆ ಬರುವ ಬಿಂದು ಇದೇ ಎಂದು ಗುರುತು ಮಾಡಿದ್ದೆ. ಅದನ್ನೇ ಬಶೀರರು ಅಂಗಡಿಗೆ ಬಂದವರ ಮುಂದೆ, ನಮ್ಮ ಸಾಹೇಬ್ರು ಚಂದ್ರನಿಗೇ ಹದ್ದುಬಸ್ತು ಮಾಡ್ಯಾರೆ ಎಂದು ಹೇಳಿಕೊಳ್ಳುತ್ತಿದ್ದರಂತೆ. ಹೊಗಳಿಕೆಯೋ ಗೇಲಿಯೋ ಎಂದು ಅದರ ಮೇಲೂ ನನಗೆ ಅನುಮಾನವಿತ್ತು.

ನಾವು ಸ್ಟ್ಯಾಂಡು ನಿಲ್ಲಿಸುವಾಗ ದ್ಯಾವಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಅವನು ನಮಗೆ ಜಾಗ ಕೊಟ್ಟದ್ದೇ ಒಂದು ಷರತ್ತಿನ ಮೇಲೆ, ಗೂಟ ಹೊಡೆಯಬಾರದು ಎಂದು. ಸೂರ್ಯ ಮುಳುಗಿದ. ಬಶೀರರು ವ್ಯಾನಿನ ಪಕ್ಕ ಸಂಜೆಯ ನಮಾಜು ಮುಗಿಸಿದರು. ಕ್ಯಾಮೆರಾವನ್ನು ಗುರುತಿಗೆ ಕಟ್ಟಿ ಗುಡ್ಡ ನೋಡುತ್ತ ಕೂತೆವು. ಚಂದ್ರ ಮೇಲೆ ಬರಲು ನನ್ನ ಲೆಕ್ಕದಲ್ಲಿ ಇನ್ನೂ ಕಾಲು ಗಂಟೆ ಇದ್ದಾಗ ಬಶೀರರು ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ಚಕ್ರ ನಿಮ್ಮ ಕೈಯಾಗಿರಲಿ ಸಾರ್, ಬಂದೆ ಎಂದು ಕೆರೆಯ ಕಡೆ ನಡೆದರು.

ಇವತ್ತೂ! ನನ್ನ ಬಾಳಿನ ಫೋಟೊದ ಹೊತ್ತಿಗೂ ಇವರಿಗೆ ತಮ್ಮದೇ ಫೋಟೊ ಮುಖ್ಯ. ಕ್ಯಾಮೆರಾ ತಾನಾಗಿಯೇ ನಿಮಿಷಕ್ಕೊಂದು ಚಿತ್ರ ತೆಗೆಯುವಂತೆ ಮೊಬೈಲನ್ನು ಅದಕ್ಕೆ ಜೋಡಿಸಿ, ಹೋಗಿ ಹಿಡಿದು ಐದು ನಿಮಿಷದಲ್ಲಿ ಬಂದುಬಿಡುತ್ತೇನೆ ಎಂದು ನಾನೂ ಎದ್ದೆ. ಟಾರ್ಚು ಹಾಕಲಿಲ್ಲ. ಅರವತ್ತು ದಾಟಿದ ಮನುಷ್ಯ ಚಪ್ಪಲಿ ಕೈಯಲ್ಲಿ ಹಿಡಿದು ಮಬ್ಬಿನಲ್ಲಿ ಇನ್ನೊಬ್ಬ ಅರವತ್ತರವನ ಹಿಂದೆ ಕಳ್ಳಹೆಜ್ಜೆ ಇಡುವುದನ್ನು ಆ ಹೊತ್ತು ನಕ್ಷತ್ರಗಳು ಮಾತ್ರ ನೋಡುತ್ತಿವೆ ಎಂದುಕೊಂಡಿದ್ದೆ.

ಬಶೀರರು ಕೆರೆಯಲ್ಲಿ ಕೈಕಾಲು ಮುಖ ತೊಳೆದು, ಏರಿ ಹತ್ತಿ, ಚೀಲದಿಂದ ಏನನ್ನೋ ತೆಗೆದು ಹಾಸಿದರು. ಆಮೇಲೆ ನಿಂತರು. ನಾನು ಸ್ವಲ್ಪ ದೂರದಲ್ಲಿ ಒಂದು ಲಂಟಾನದ ಪೊದೆಯ ಮರೆಗೆ ನಿಂತು ಮೊದಲು ನೋಡಿದ್ದು ಅವರ ದಿಕ್ಕನ್ನು; ಹಳೆಯ ಅಭ್ಯಾಸ. ಅವರು ಪಶ್ಚಿಮಕ್ಕೆ, ತುಸು ಬಡಗಲಿಗೆ ವಾಲಿದಂತೆ ಮುಖ ಮಾಡಿದ್ದರು. ಕೆರೆ, ಗುಡ್ಡ, ಚಂದ್ರ ಬರುವ ದಿಕ್ಕು ಎಲ್ಲವೂ ಅವರ ಬೆನ್ನಿಗಿತ್ತು. ಯಾವ ಫೋಟೊದವನೂ ಚಂದ್ರನಿಗೆ ಬೆನ್ನು ಹಾಕಿ ನಿಲ್ಲುವುದಿಲ್ಲ. ಕೈ ಕಟ್ಟಿಕೊಂಡು, ತಲೆ ತಗ್ಗಿಸಿ, ಅವರು ಬಹಳ ಹೊತ್ತು ನಿಂತೇ ಇದ್ದರು. ಸಂಜೆಯ ನಮಾಜಿಗಿಂತ ಇದು ಉದ್ದವಾಗಿತ್ತು, ನಿಧಾನವಾಗಿತ್ತು. ಎಲೆ ಮಿಸುಕಿದರೂ ಅವರಿಗೆ ಕೇಳುತ್ತದೆ ಎಂದು ನಾನು ಹಿಂದಕ್ಕೂ ಹೋಗಲಾರದೆ, ಮುಂದಕ್ಕೂ ಹೋಗಲಾರದೆ ಅಲ್ಲೇ ಉಳಿದೆ. ನನಗೆ ಬಹಳ ನಾಚಿಕೆಯಾಯಿತು.

ಆ ನಡುವೆ ಗುಡ್ಡದ ಭುಜದ ಮೇಲೆ ಚಂದ್ರ ಬಂದ. ಕೆರೆಯ ನೀರಿನಲ್ಲೂ ಬಂದ. ಬಶೀರರು ಹೇಳಿದ್ದು ಸರಿ, ಮೇಲಿನವನಿಗಿಂತ ನೀರಿನವನೇ ಚೆಂದವಾಗಿದ್ದ. ನನ್ನ ಕೈಯಲ್ಲಿ ಇದ್ದದ್ದು ಒಂದು ಜೊತೆ ಚಪ್ಪಲಿ.

ಬಶೀರರು ಚಾಪೆ ಮಡಚುವಾಗ ನನ್ನ ಬೆನ್ನ ಹಿಂದೆ ಯಾರೋ ಕೆಮ್ಮಿದರು. ದ್ಯಾವಪ್ಪ! ನಾನು ಬಶೀರರ ಹಿಂದೆ ಬಂದಂತೆ ಅವನು ನನ್ನ ಹಿಂದೆ ಬಂದು, ಇನ್ನೊಂದು ಪೊದೆಯ ಮರೆಗೆ ಅಷ್ಟೂ ಹೊತ್ತು ನಿಂತಿದ್ದ.

“ಇದು ಎಂತಾ ಅಳತೆ ಮಾರಾಯ್ರೆ?” ಎಂದ. “ಒಬ್ರು ಕೈ ಕಟ್ಟಿ ನಿಲ್ತ್ರಿ, ಒಬ್ರು ಚಪ್ಲಿ ಹಿಡ್ದು ನಿಲ್ತ್ರಿ. ನನ್ ಹೊಲ ಎಷ್ಟಾತು ಅಂತಾದ್ರೂ ಹೇಳಿ.”

ಇಷ್ಟು ವರ್ಷ ಅವನು ನಮ್ಮನ್ನು ಪಕ್ಕದ ಹೊಲದವನ ಕಡೆಯವರೆಂದು ತಿಳಿದು ಕಾಯುತ್ತಿದ್ದನಂತೆ. ಕೆರೆಯ ಪಕ್ಕದ, ಸಾಗುವಳಿಗೆ ಬಾರದ ಖರಾಬು ಜಾಗವನ್ನೂ ಸೇರಿಸಿ ಅಳೆಯುತ್ತಿದ್ದೇವೆ ಎಂದು ಇವತ್ತು ಅವನಿಗೆ ಖಾತ್ರಿಯಾಗಿತ್ತು. ಅವನ ಹೊಲ ಎಷ್ಟಿತ್ತೋ ಅಷ್ಟೇ ಇದೆ ಎಂದು ನಂಬಿಸಲು ನನಗೆ ಸಾಕಾಯಿತು. ಪೂರ್ತಿ ನಂಬಿದನೆಂದು ಈಗಲೂ ಅನ್ನಿಸುವುದಿಲ್ಲ.

ಬಶೀರರು ಮಾತ್ರ ಅವನ ಕಡೆ ನೋಡದೆ ನನ್ನನ್ನೇ ನೋಡುತ್ತಿದ್ದರು. ನಾನು ಸುಳ್ಳು ಹೇಳಲಿಲ್ಲ. ನೀವು ಇಲ್ಲಿ ಕದ್ದು ಫೋಟೊ ತೆಗೆಯುತ್ತೀರಿ ಎಂದುಕೊಂಡಿದ್ದೆ ಅಂದೆ. ಅವರು ಚೀಲದ ಬಾಯಿ ಅಗಲಿಸಿ ತೋರಿಸಿದರು. ಚಾಪೆ, ಟೋಪಿ, ಒಂದು ಟವೆಲು.

“ಗ್ರಹಣಕ್ಕಂತಾನೇ ಒಂದು ನಮಾಜ್ ಐತಿ ಸಾರ್, ನಮ್ಮಲ್ಲಿ. ನಮ್ಮ ಅಬ್ಬಾ ಒಂದೂ ತಪ್ಪಿಸಿದವ್ರಲ್ಲ.”

ನನಗೆ ಹೇಳಬಹುದಿತ್ತಲ್ಲ ಎಂದೆ. ಅವರು ಚೀಲದ ಬಾಯಿಯನ್ನು ನಿಧಾನವಾಗಿ ಕಟ್ಟಿದರು.

“ಹೆಂಗ್ ಹೇಳ್ಲಿ? ಮೊದಲ್ನೇ ಸಲ ಬರುವಾಗ್ಲೇ ನೀವು ದಾರಿ ತುಂಬಾ ಸ್ನಾನ ಮಾಡೋರ್ನ, ಜಪ ಮಾಡೋರ್ನ ನಗಾಡ್ಕೊಂತ ಬಂದ್ರಿ. ದಿನದ ನಮಾಜಿಗೆ ನೀವು ಏನೂ ಅನ್ನಲ್ಲ, ಗೊತ್ತು. ಇದಕ್ಕೆ ನನ್ನನ್ನೂ ಆ ಸಾಲಿಗೆ ನಿಲ್ಸಿ ನಗ್ತೀರಿ ಅನ್ಸ್ತು. ನಿಮ್ಮ ಜೋಡಿ ಬರೋದು ಬಿಡಾಕೂ ಮನಸಿರ್ಲಿಲ್ಲ.”

ನಾವು ಮೂವರೂ ಹೊಲಕ್ಕೆ ಮರಳುವಷ್ಟರಲ್ಲಿ ಚಂದ್ರನ ಒಂದು ಅಂಚು ಬೆಳ್ಳಗಾಗಿತ್ತು. ಕ್ಯಾಮೆರಾ ಮಾತ್ರ ತನ್ನ ಪಾಡಿಗೆ ನಿಮಿಷಕ್ಕೊಂದು ಚಿತ್ರ ತೆಗೆಯುತ್ತ ನಿಯತ್ತಾಗಿ ನಿಂತಿತ್ತು. ನೋಡಿದೆ. ಎಲ್ಲ ಚಿತ್ರಗಳಲ್ಲೂ ಗುಡ್ಡ ಸೊಗಸಾಗಿ ಬಂದಿತ್ತು. ಒಂದೇ ಒಂದರಲ್ಲಿ, ಬಲಗಡೆಯ ಅಂಚಿನಲ್ಲಿ, ಉಗುರಿನಷ್ಟು ಕೆಂಪು ಇತ್ತು. ಮೂವತ್ತು ವರ್ಷದ ಸರ್ವೇಯರನ ಬಿಂದು ಅಷ್ಟು ತಪ್ಪಿತ್ತು. ಯಾರಾದರೂ ಪಕ್ಕದಲ್ಲಿದ್ದು ಚಕ್ರವನ್ನು ನಾಲ್ಕು ಸುತ್ತು ತಿರುಗಿಸಿದ್ದರೆ ಸಾಕಿತ್ತು.

ನಾನು ಬದುವಿನ ಮೇಲೆ ಕೂತೆ. ಇನ್ನು ಮುಂದೆ ನಿಮ್ಮ ನಮಾಜನ್ನು ನನ್ನ ಕಣ್ಣೆದುರೇ ಮಾಡಿ, ನಗುವುದಿಲ್ಲ ಎಂದು ಹೇಳಬೇಕೆಂದಿದ್ದೆ. ಅದರ ಬದಲು, ಇಷ್ಟು ವರ್ಷ ಒಂದು ಮಾತೂ ಹೇಳದೆ ಮುಚ್ಚಿಟ್ಟಿರಲ್ರೀ ಎಂದು ಮತ್ತೆ ಅದೇ ಗೊಣಗಿದೆ. ಬಶೀರರು ವ್ಯಾನಿಗೆ ಹೋಗಿ ಶಾಂತಾ ಕೊಟ್ಟಿದ್ದ ಡಬ್ಬಿಯನ್ನು ತಂದು ನನ್ನ ಪಕ್ಕದಲ್ಲಿಟ್ಟರು. ಚಂದ್ರ ಇನ್ನೂ ಮುಕ್ಕಾಲು ಪಾಲು ನೆರಳಿನಲ್ಲಿದ್ದ. ನನ್ನ ಕೈ ಡಬ್ಬಿಯ ಕಡೆ ಹೋಗಲಿಲ್ಲ.

“ನಿಮ್ಮ ಡಬ್ಬಿ ನಾನು ಏಳು ಗ್ರಹಣದಿಂದ ನೋಡ್ತಿದೀನಿ ಸಾರ್,” ಎಂದರು. “ಚಂದ್ರ ಪೂರ್ತಿ ಬಿಡೋ ತನಕ ಒಂದು ಸಲಾನೂ ಮುಚ್ಚಳ ತೆಗೆದಿಲ್ಲ ನೀವು. ನಾನೇನಾದ್ರೂ ಕೇಳೀನಾ?”

ನಾನು ಗುಡ್ಡದ ಕಡೆ ನೋಡಿದೆ. ಕೆಲಸದ ನಡುವೆ ತಿನ್ನಲು ಪುರುಸೊತ್ತು ಎಲ್ಲಿ ಎಂದು ಶಾಂತಾಳಿಗೆ ಹೇಳುತ್ತಿದ್ದೆ, ನನಗೂ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಬಶೀರರು ನಕ್ಕೂ ಇರಲಿಲ್ಲ, ಕೆದಕಿಯೂ ಇರಲಿಲ್ಲ. ಸುಮಾರು ಒಂದು ಗಂಟೆ ಮೂವರೂ ಚಂದ್ರನನ್ನೇ ನೋಡುತ್ತ ಕೂತೆವು. ಚಂದ್ರ ಪೂರ್ತಿ ಬೆಳ್ಳಗಾದ ಮೇಲೆ ನಾನು ಮುಚ್ಚಳ ತೆಗೆದು, ದರ್ಭೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಡಬ್ಬಿಯನ್ನು ಅವರ ಮುಂದೆ ಹಿಡಿದೆ. ದ್ಯಾವಪ್ಪನೂ ಸಂಜೆಯಿಂದ ಏನೂ ಬಾಯಿಗೆ ಹಾಕಿರಲಿಲ್ಲವಂತೆ. ಯಾಕೆಂದು ನಾವಿಬ್ಬರೂ ಕೇಳಲಿಲ್ಲ.

ಆ ಗ್ರಹಣದ ಒಂದು ಫೋಟೊಗೆ ಕಟ್ಟು ಹಾಕಿಸಿ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಗುಡ್ಡ ಇದೆ, ಆಕಾಶ ಇದೆ. ಬಂದವರು ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, ಚಂದ್ರಗ್ರಹಣ ಅಂದಿರಿ, ಇದರಲ್ಲಿ ಚಂದ್ರ ಎಲ್ಲಿ ಎಂದು ಕೇಳುತ್ತಾರೆ. ನನ್ನ ಮುಖವನ್ನೂ ಒಮ್ಮೆ ನೋಡುತ್ತಾರೆ. ಅವರು ಕೇಳದೆಯೇ ನಾನು ಎರಡನೆಯ ಲೋಟ ಕಾಫಿ ತರಿಸುತ್ತೇನೆ. ಅವರೂ ಸ್ವಲ್ಪ ಅನುಮಾನ ಪಡಲಿ.